ಮರುಭೂಮಿಯ ಇರುವೆ ಗೂಡಿಂದ ಹತ್ತಿ ಹೊಲಕ್ಕೆ: ಒಂದು ಹಿಟ್ಟು ತಿಗಣೆಯ ಹೆಸರಿನ ಗಲಾಟೆ

ದಾಸವಾಳಕ್ಕೆ ಬಿಳಿ ಬೂಷ್ಟು ಬಂದಿದೆ ಅಂತ ಫೋಟೋ ಹಾಕೋರಿಗೆಲ್ಲ ಮೊದಲೇ ಹೇಳಿಬಿಡ್ತೀನಿ, ಅದು ಬೂಷ್ಟಲ್ಲ, ದೃಷ್ಟಿ ಆಗಿರೋದೂ ಅಲ್ಲ, ಹುಳ. ಹಿಟ್ಟು ತಿಗಣೆ. ಅದಕ್ಕಿಂತ ತಲೆ ಕೆಡಿಸೋದು ಇನ್ನೊಂದಿದೆ, ಹತ್ತಿಗೆ ಬರೋ ಹಿಟ್ಟು ತಿಗಣೆ ಬಿಟಿ ಬೀಜದಿಂದಲೇ ಹುಟ್ಟಿದ್ದು ಅನ್ನೋ ಮಾತು. ಸ್ವಾಮಿ, ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಪರ್ಮಿಷನ್ ಸಿಕ್ಕಿದ್ದು 2002ರಲ್ಲಿ, ಈ ಹುಳಕ್ಕೆ ನಾಮಕರಣ ಆಗಿದ್ದು 1898ರಲ್ಲಿ!

ಹೆಸರಿಟ್ಟೋರು ಟಿನ್ಸ್ಲಿ ಅನ್ನೋ ಕೀಟತಜ್ಞ. ಜಾಗ ಅಮೆರಿಕದ ನ್ಯೂ ಮೆಕ್ಸಿಕೋ, ಒಣ ಮರುಭೂಮಿ ಸೀಮೆ. ಹುಳ ಸಿಕ್ಕಿದ್ದು ಹತ್ತಿ ಹೊಲದಲ್ಲಲ್ಲ, ಬೆಂಕಿ ಇರುವೆಯ ಗೂಡಲ್ಲಿ. ಆ ಇರುವೆಯ ಕುಲ, ಅಂದ್ರೆ ಹತ್ತಿರದ ಜಾತಿಗಳೆಲ್ಲ ಸೇರಿದ ಗುಂಪು, ಸೊಲೆನಾಪ್ಸಿಸ್, ಅದನ್ನೇ ಹುಳಕ್ಕೂ ಅಂಟಿಸಿದ್ರು, ಬಾಡಿಗೆಗಿದ್ದ ಮನೆ ಓನರ್ ಹೆಸರೇ ಇನಿಷಿಯಲ್ ಆದ ಹಾಗೆ. ಪೂರ್ತಿ ಹೆಸರು ಫೆನಕಾಕಸ್ ಸೊಲೆನಾಪ್ಸಿಸ್. ಫೆನಕಾಕಸ್ ಅನ್ನೋ ಕುಲ ಮಾಡಿದ್ದು ಕಾಕರೆಲ್ ಅನ್ನೋ ಇನ್ನೊಬ್ಬ ಕೀಟತಜ್ಞ, 1893ರಲ್ಲಿ. ಜೀವಿಗಳಿಗೆ ಎರಡು ಪದದ ಹೆಸರಿಡೋ ಪದ್ಧತಿ ತಂದ ಲಿನೇಯಸ್ 1758ರಲ್ಲಿ ಇಂಥ, ಗಿಡಕ್ಕೆ ಅಂಟಿ ರಸ ಹೀರೋ ಶಲ್ಕ ಕೀಟಗಳನ್ನೆಲ್ಲ ಕಾಕಸ್ ಅನ್ನೋ ಒಂದೇ ಚೀಲಕ್ಕೆ ತುಂಬಿಟ್ಟಿದ್ದ, ಆಮೇಲೆ ಬಂದೋರೆಲ್ಲ ಅದನ್ನ ಬಿಡಿಸಿ ಬಿಡಿಸಿ ಸುಸ್ತಾದ್ರು. ಗ್ರೀಕಲ್ಲಿ ಫೆನಾಕ್ಸ್ ಅಂದ್ರೆ ಮೋಸಗಾರ. ಎಂಥ ಹೆಸರು ನೋಡಿ.

ಯಾಕಂದ್ರೆ 2005ರಲ್ಲಿ ಪಾಕಿಸ್ತಾನದ ಹತ್ತಿ ಹೊಲಗಳಿಗೆ ಒಂದು ಹಿಟ್ಟು ತಿಗಣೆ ನುಗ್ಗಿತು, ಬೆನ್ನಿಗೇ ನಮ್ಮ ಗುಜರಾತ್, ಪಂಜಾಬ್, ಹರಿಯಾಣದಲ್ಲೂ. ಇದು ಯಾವುದು ಅಂತ ಸಲೀಸಾಗಿ ಹೇಳೋಕಾಗ್ಲಿಲ್ಲ. ಸೊಲೆನಾಪ್ಸಿಸ್ ಥರಾನೇ ಕಾಣುತ್ತೆ, ಆದ್ರೆ ಲಕ್ಷಣ ಪೂರ್ತಿ ತಾಳೆ ಆಗಲ್ಲ, ಹಾಗಾಗಿ ಹೊಸ ಜಾತಿಯೇ ಇರಬೇಕು ಅಂತ ಗಾಸಿಪಿಫಿಲಸ್, ಅಂದ್ರೆ ಹತ್ತಿಪ್ರಿಯ ಅಂತ ಹೆಸರೂ ಓಡಾಡಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹುಳ ನೋಡಿದ್ರೆ ಗೊತ್ತಾಗಲ್ವಾ? ಆಗಲ್ಲ. ನಮ್ಮ ಕಣ್ಣಿಗೆ ಬೀಳೋದು ಹುಳ ಅಲ್ಲ, ಅದು ಮೈಮೇಲೆ ಸುರಿಸಿಕೊಂಡಿರೋ ಮೇಣದ ಪುಡಿ. ಯಕ್ಷಗಾನದಲ್ಲಿ ಬಣ್ಣದ ವೇಷದ ಒಳಗೆ ಯಾರಿದ್ದಾರೆ ಅಂತ ರಂಗಸ್ಥಳದಲ್ಲಿ ಹೇಳೋದು ಕಷ್ಟ, ಚೌಕಿಗೆ ಹೋಗಿ ಬಣ್ಣ ಒರೆಸಿದ ಮೇಲೇ ಗೊತ್ತಾಗೋದು ಅಲ್ವಾ, ಹಾಗೆ. ಇಲ್ಲಿ ಒರೆಸೋದು ಅಂದ್ರೆ ನಾಲ್ಕೈದು ಮಿಲಿಮೀಟರ್ ಉದ್ದದ ಹೆಣ್ಣನ್ನ ಪೊಟ್ಯಾಷಿಯಂ ಹೈಡ್ರಾಕ್ಸೈಡಲ್ಲಿ ಬಿಸಿ ಮಾಡಿ, ಒಳಗಿನದೆಲ್ಲ ಕರಗಿಸಿ ಬರೀ ಚರ್ಮ ಉಳಿಸಿಕೊಂಡು, ಅದಕ್ಕೆ ಕೆಂಪು ಬಣ್ಣ ಕೊಟ್ಟು, ಲವಂಗದ ಎಣ್ಣೆಯಲ್ಲಿ ಅದ್ದಿ, ಕೆನಡಾ ಬಾಲ್ಸಂ ಅಂಟಲ್ಲಿ ಗಾಜಿನ ಮೇಲೆ ಕೂರಿಸೋದು. ಆಮೇಲೆ ಮೈಕ್ರೋಸ್ಕೋಪ್ ಕೆಳಗೆ ಚರ್ಮದಲ್ಲಿರೋ, ಮೇಣ ಸುರಿಸೋ ರಂಧ್ರ ಎಣಿಸೋದು. ಮೂರು ಕೋಣೆಯ ರಂಧ್ರ ಎಲ್ಲೆಲ್ಲಿ, ತುಂಬಾ ಕೋಣೆಯದು ಹೊಟ್ಟೆ ಕಡೆ ಎಷ್ಟು, ಮೀಸೆಯಲ್ಲಿ ಎಷ್ಟು ಗಂಟು, ಅಂಚಿನಲ್ಲಿ ಮುಳ್ಳಿನ ಗುಂಪು ಹದಿನೆಂಟು ಜೊತೆ ಇದೆಯಾ. ಗಂಡಿನ ಗೋಜಿಗೆ ಹೆಚ್ಚು ಹೋಗಲ್ಲ. ಅದಕ್ಕೆ ರೆಕ್ಕೆ ಇದೆ, ಬಾಯಿಲ್ಲ, ಕೆಲವೇ ದಿನದ ಆಯಸ್ಸು, ಕೈಗೆ ಸಿಕ್ಕೋದೂ ಕಷ್ಟ.

ಸರಿ, ಬಣ್ಣ ಒರೆಸಿದ ಮೇಲೂ ಮೋಸ ಮುಗಿಯಲ್ಲ ಅನ್ನೋದೇ ನನಗೆ ಖುಷಿ ಕೊಡೋ ವಿಷಯ. ರೇಷನ್ ಅಂಗಡೀಲಿ ನೋಡಿರ್ತೀರಿ, ಗಾರೆ ಕೆಲಸದವರ ಬೆರಳು ಸವೆದು ಆಧಾರ್ ಮೆಷಿನ್ನು ನೀನು ನೀನಲ್ಲ ಅನ್ನುತ್ತೆ, ಮನುಷ್ಯ ಮಾತ್ರ ಅವನೇ. ಈ ಹುಳದ ಚರ್ಮದ ಲಕ್ಷಣಗಳೂ ಅಷ್ಟೇ, ಋತು ಬದಲಾದ ಹಾಗೆ ಬದಲಾಗುತ್ತೆ. ಅಂದ್ರೆ ಬೇರೆ ಬೇರೆ ಋತುವಲ್ಲಿ ಹಿಡಿದ ಎರಡು ಹೆಣ್ಣುಗಳನ್ನ ಪಕ್ಕಪಕ್ಕ ಇಟ್ರೆ ಎರಡು ಜಾತಿ ಅಂತ ಬರೆದುಬಿಡೋ ಚಾನ್ಸ್ ಇದೆ. 2008ರಲ್ಲಿ ಕೀಟತಜ್ಞ ಹಾಡ್ಜ್‌ಸನ್ ಮತ್ತು ಪಾಕಿಸ್ತಾನದ ಸಂಶೋಧಕರು ಸೇರಿ ಈ ಏರುಪೇರನ್ನೆಲ್ಲ ಕೂತು ನೋಡಿ, ಇದು ಹೊಸದಲ್ಲ, ಅದೇ ಹಳೇ ಸೊಲೆನಾಪ್ಸಿಸ್ ಅಂತ ತೀರ್ಮಾನ ಮಾಡಿದ್ರು. ಹತ್ತಿಪ್ರಿಯ ಅಲ್ಲಿಗೆ ಬಿತ್ತು. ನಮ್ಮಲ್ಲೂ ಕರ್ನಾಟಕ ಸೇರಿ ಒಂಬತ್ತು ರಾಜ್ಯದ ಹತ್ತಿಯಲ್ಲಿ ಸಮೀಕ್ಷೆ ಮಾಡಿದಾಗ ಸಿಕ್ಕಿದ ಹಿಟ್ಟು ತಿಗಣೆಯಲ್ಲಿ ಸುಮಾರು 95% ಇದೇ.

ಇಷ್ಟೆಲ್ಲ ಯಾಕೆ ಅಂದ್ರೆ ಹೆಸರು ಗೊತ್ತಾದ್ರೆ ತವರು ಗೊತ್ತಾಗುತ್ತೆ, ತವರು ಗೊತ್ತಾದ್ರೆ ಶತ್ರು ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತೆ. ಇಲ್ಲಿ ಶತ್ರು ಹುಡುಕೋ ಮೊದಲೇ ಹಾಜರ್. ಈ ತಿಗಣೆಯ ಹೊಟ್ಟೆಯೊಳಗೆ ಮೊಟ್ಟೆ ಇಟ್ಟು ಕೊಲ್ಲೋ ಒಂದು ಪುಟ್ಟ ಕಣಜ, ಯಾರೂ ತಂದು ಬಿಡದೇ ನಮ್ಮ ಹೊಲಗಳಲ್ಲಿ ಕಾಣಿಸಿಕೊಳ್ತು. ಹೊಸದು ಅಂದ್ಕೊಂಡು 2009ರಲ್ಲಿ ಏನೇಸಿಯಸ್ ಬಂಬಾವಾಲೇ ಅಂತ ನಮ್ಮ ದೇಶದ ವಿಜ್ಞಾನಿ ಬಂಬಾವಾಲೆಯವರ ಹೆಸರನ್ನೇ ಇಟ್ರು. 2014ರಲ್ಲಿ ನೋಡಿದ್ರೆ ಅದೂ ಹಳೇದೇ! 1915ರಲ್ಲೇ ಗಿರಾಲ್ಟ್ ಅನ್ನೋ ಕೀಟತಜ್ಞ ಹೆಸರಿಟ್ಟಿದ್ದ ಕಣಜ, ಮೊದಲು ಇಟ್ಟ ಹೆಸರೇ ನಿಲ್ಲಬೇಕು ಅನ್ನೋ ನಿಯಮದ ಪ್ರಕಾರ ಈಗ ಅದು ಏನೇಸಿಯಸ್ ಅರಿಜೋನೆನ್ಸಿಸ್. ಅರಿಜೋನಾ, ನ್ಯೂ ಮೆಕ್ಸಿಕೋದ ಪಕ್ಕದ್ದೇ ರಾಜ್ಯ. ಬಾಡಿಗೆದಾರ ಊರು ಬಿಟ್ಟು ಓಡಿ ಬಂದ್ರೆ ಸಾಲ ಕೊಟ್ಟೋನೂ ಹಿಂದೆಯೇ ಬಂದಿದ್ದ. ಹತ್ತಿ ಗಿಡದಲ್ಲಿ ಬಿಳಿ ಹೋಗಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾದ ತಿಗಣೆ ಕಂಡ್ರೆ ಅದು ಈ ಕಣಜದ ಕೆಲಸ, ಒಳಗೆ ಮರಿ ಇರುತ್ತೆ, ದಯವಿಟ್ಟು ಆ ಗಿಡಕ್ಕೆ ಔಷಧಿ ಹೊಡೀಬೇಡಿ.