ಮತ್ತಾಯನ ಹೆಸರು ಬೇಡವೆಂದ ನ್ಯಾಯಾಲಯ

ಅಮೆರಿಕದ ಓಹಿಯೊ ರಾಜ್ಯದ ಸಣ್ಣಪುಟ್ಟ ಊರುಗಳ ಆಡಳಿತ ಮಂಡಳಿಗಳಿಗೆ ಕಾನೂನು ಸಲಹೆ ಕೊಡುವುದು ನನ್ನ ಕಸುಬು. ಚರಂಡಿಯ ಟೆಂಡರು, ನೌಕರರ ಪಿಂಚಣಿ, ರಸ್ತೆ ಬದಿಯ ಜಾಗದ ತಕರಾರುಗಳ ನಡುವೆ, ವರ್ಷಕ್ಕೆ ಒಬ್ಬರಾದರೂ ಅದೇ ಪ್ರಶ್ನೆಯನ್ನು ಹೊತ್ತುಕೊಂಡು ಬರುತ್ತಾರೆ: "ರಾಜಧಾನಿ ಕೊಲಂಬಸ್ಸಿನ ಶಾಸನಸಭಾ ಭವನವಾದ ಸ್ಟೇಟ್‌ಹೌಸಿನ ಮುಂದೆಯೇ ಬೈಬಲ್ ವಾಕ್ಯವಿದೆ, ಕೋರ್ಟೇ ಒಪ್ಪಿದೆ, ನಮ್ಮ ಕಟ್ಟಡದ ಮೇಲೆ ಏಕೆ ಬೇಡ?" ಕಳೆದ ಬಾರಿ ಬಂದವರು ಊರಿನ ಮಂಡಳಿಯ ಹಿರಿಯ ಸದಸ್ಯರು. ಹೊಸ ಅಗ್ನಿಶಾಮಕ ಠಾಣೆಯ ನಕ್ಷೆಯನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, ಬಾಗಿಲ ಮೇಲ್ಭಾಗದಲ್ಲಿ ತಾವೇ ಪೆನ್ಸಿಲಿನಿಂದ ಬರೆದಿದ್ದ "ದೇವರಿದ್ದರೆ ಎಲ್ಲವೂ ಸಾಧ್ಯ" ಎಂಬ ಸಾಲನ್ನೂ ಅದರ ಕೆಳಗಿದ್ದ "ಮತ್ತಾಯ 19:26" ಎಂಬ ಉಲ್ಲೇಖವನ್ನೂ (ಬೈಬಲಿನ ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯ, 26ನೇ ವಚನ) ತೋರಿಸಿದರು. ಅಕ್ಷರಗಳನ್ನು ಕಂಚಿನಲ್ಲಿ ಎರಕ ಹೊಯ್ಯಿಸಲು ಆಗಲೇ ಮುಂಗಡ ಕೊಟ್ಟಿದ್ದರಂತೆ.

ಈ ವಾಕ್ಯ 1959ರಿಂದ ಓಹಿಯೊದ ಅಧಿಕೃತ ಧ್ಯೇಯವಾಕ್ಯವಾಗಿದೆ. ಅದನ್ನು ಸೂಚಿಸಿದವನು ಸಿನ್ಸಿನಾಟಿಯ ಒಬ್ಬ ಶಾಲಾ ಬಾಲಕ. ಆದರೆ ಅದು ಸ್ಟೇಟ್‌ಹೌಸಿನ ಅಂಗಳಕ್ಕೆ ಬಂದ ದಾರಿ ನಮ್ಮ ಬೆಂಗಳೂರಿನ ಮೂಲಕ ಹಾದುಬಂದಿದೆ ಎಂಬುದನ್ನು ಹೇಳುವಾಗಲೆಲ್ಲ ನನಗೆ ತುಸು ಹೆಮ್ಮೆಯೂ ತುಸು ಮುಜುಗರವೂ ಒಟ್ಟಿಗೇ ಆಗುತ್ತವೆ. 1990ರ ದಶಕದಲ್ಲಿ ಭಾರತಕ್ಕೆ ಬಂದಿದ್ದ ಗವರ್ನರ್ ಜಾರ್ಜ್ ವೊಯ್ನೊವಿಚ್ ಅವರು ಕೆಂಗಲ್ ಹನುಮಂತಯ್ಯನವರ ವಿಧಾನಸೌಧದ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಎಂಬುದರ ಇಂಗ್ಲಿಷ್ ರೂಪವನ್ನು ಓದಿ, ತಮ್ಮ ರಾಜ್ಯದಲ್ಲೂ ಇಂಥದ್ದೊಂದು ಇರಬೇಕೆಂದು ಬಯಸಿದರು. ಎರಡು ವಾಕ್ಯಗಳ ಗುರಿ ಬೇರೆ ಬೇರೆ ಎಂದು ನನಗೆ ಅನ್ನಿಸುತ್ತದೆ. ನಮ್ಮದು ಒಳಗೆ ಕುಳಿತ ಗುಮಾಸ್ತನಿಗೆ ಹೇಳಿದ ಕಾಯಕದ ಮಾತು ("ದೇವರ ಕೆಲಸವೆಂದ ಮೇಲೆ ದೇವರೇ ಬಂದು ಮಾಡಬೇಕು" ಎಂಬ ಕುಚೋದ್ಯ ಹುಟ್ಟಿದ್ದೂ ಅದರಿಂದಲೇ). ಓಹಿಯೊದ್ದು ಯೇಸು ತನ್ನ ಶಿಷ್ಯರಿಗೆ ಹೇಳಿದ ಮಾತು, ಯಾರು ಹೇಳಿದ್ದೆಂದು ಇಲ್ಲಿ ಚರ್ಚಿಗೆ ಹೋಗುವ ಮಕ್ಕಳಿಗೂ ಗೊತ್ತು.

1997ರಲ್ಲಿ ಇದರ ವಿರುದ್ಧ ದಾವೆ ಹೂಡಿದವರಲ್ಲಿ ನಾಗರಿಕ ಹಕ್ಕುಗಳ ಸಂಘಟನೆಯ ಜೊತೆಗೆ ಒಬ್ಬ ಪ್ರೆಸ್ಬಿಟೇರಿಯನ್ ಪಾದ್ರಿಯೂ ಇದ್ದರು. 1998ರಲ್ಲಿ ಜಿಲ್ಲಾ ನ್ಯಾಯಾಲಯವು ವಾಕ್ಯ ಇರಲಿ ಎಂದಿತು, ಆದರೆ ಅದು ಮತ್ತಾಯನ ಸುವಾರ್ತೆಯದ್ದೆಂದು ಸರ್ಕಾರ ಹೇಳಕೂಡದು ಎಂದು ನಿರ್ಬಂಧಿಸಿತು. 2000ದಲ್ಲಿ ಮೇಲ್ಮನವಿ ನ್ಯಾಯಾಲಯದ ತ್ರಿಸದಸ್ಯ ಪೀಠವು, ಇದು ಯೇಸುವಿನ ಮಾತೇ ಆದುದರಿಂದ ಕ್ರೈಸ್ತ ಮತಕ್ಕೆ ಸರ್ಕಾರ ಕೊಟ್ಟ ಬೆಂಬಲವಾಗುತ್ತದೆ ಎಂದು ವಾಕ್ಯವನ್ನೇ ತಳ್ಳಿಹಾಕಿತು. 2001ರಲ್ಲಿ ಅದೇ ನ್ಯಾಯಾಲಯದ ಪೂರ್ಣಪೀಠವು ಆ ತೀರ್ಪನ್ನು ಬದಲಿಸಿ ವಾಕ್ಯವನ್ನು ಉಳಿಸಿಕೊಟ್ಟಿತು.

ನನ್ನ ಕಕ್ಷಿದಾರರು ಓದುವುದು ಈ ಕೊನೆಯ ಸಾಲನ್ನು ಮಾತ್ರ. ಎಷ್ಟು ಬಾರಿ ಹೇಳಿದರೂ ಅವರ ಕಿವಿಗೆ ಬೀಳದ ಸಂಗತಿಯನ್ನು ಇಲ್ಲಿ ಮತ್ತೊಮ್ಮೆ ಹೇಳುತ್ತೇನೆ: ವಾಕ್ಯ ಉಳಿದದ್ದು ಅದು ಪವಿತ್ರವೆಂಬ ಕಾರಣಕ್ಕಲ್ಲ, ಅಲ್ಲಿ ಕೆತ್ತಿದಾಗ ಅದು ಒಂದು ಮತದ ಶಾಸ್ತ್ರವಚನವಾಗಿ ಉಳಿದಿಲ್ಲವೆಂಬ ಕಾರಣಕ್ಕೆ. ಯಾವುದೇ ಒಂದು ಮತಕ್ಕಷ್ಟೇ ಸೇರಿದ್ದಲ್ಲ, ಯಾರನ್ನೂ ಏನನ್ನೂ ನಂಬುವಂತೆ ಬಲವಂತ ಮಾಡುವುದಿಲ್ಲ, ನಾಣ್ಯದ ಮೇಲಿನ "ದೇವರಲ್ಲಿ ನಮ್ಮ ನಂಬಿಕೆ" ಎಂಬುದರ ಸಾಲಿಗೇ ಸೇರುವಂಥದ್ದು ಎಂಬ ವಾದ ಗೆದ್ದಿತು. ಆ ನಾಣ್ಯದ ವಾಕ್ಯವೂ ಹೀಗೆಯೇ ಬಚಾವಾದದ್ದು. 1864ರ ಎರಡು ಸೆಂಟಿನ ನಾಣ್ಯದಲ್ಲಿ ಮೊದಲು ಕಾಣಿಸಿಕೊಂಡು, 1956ರಲ್ಲಿ ರಾಷ್ಟ್ರದ ಧ್ಯೇಯವಾಕ್ಯವಾದ ಅದನ್ನು 1970ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಎತ್ತಿಹಿಡಿದಾಗ, ಅದರ ಬಳಕೆ ದೇಶಭಕ್ತಿಯ ಮತ್ತು ಸಾಂಪ್ರದಾಯಿಕ ಔಪಚಾರಿಕತೆಯ ಸ್ವರೂಪದ್ದು, ಅದಕ್ಕೆ ದೇವತಾಶಾಸ್ತ್ರದ ಪರಿಣಾಮವೇನೂ ಇಲ್ಲ ಎಂದಿತು. ಅಂದರೆ ದೇವರ ಹೆಸರನ್ನು ಸರ್ಕಾರಿ ಗೋಡೆಯ ಮೇಲೆ ಉಳಿಸಿಕೊಳ್ಳಲು ಭಕ್ತರ ಪರ ವಕೀಲನು ಎದ್ದು ನಿಂತು, ಸ್ವಾಮಿ, ಇದರಲ್ಲಿ ಭಕ್ತಿಯೇನೂ ಅಷ್ಟಾಗಿ ಇಲ್ಲ ಎಂದು ವಾದಿಸಬೇಕಾಗುತ್ತದೆ. ಹಾಗೆ ವಾದಿಸಿದವರಲ್ಲಿ ನಾನೂ ಒಬ್ಬ, ಆ ಸಂಜೆ ಮನೆಗೆ ಬಂದು ದೇವರ ದೀಪ ಹಚ್ಚುವಾಗ ಕೊಂಚ ಇರಿಸುಮುರಿಸಾಗಿತ್ತು.

1907ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರು ಹೊಸ ಚಿನ್ನದ ನಾಣ್ಯಗಳಿಂದ ಆ ವಾಕ್ಯವನ್ನು ಕೈಬಿಡಿಸಿದ್ದೂ ನಾಸ್ತಿಕತೆಯಿಂದಲ್ಲ. ಕೈಯಿಂದ ಕೈಗೆ ಓಡಾಡುವ ದುಡ್ಡಿನ ಮೇಲೆ ಅಂಥ ಮಾತನ್ನು ಅಚ್ಚೊತ್ತುವುದು ದೇವರಿಗೆ ಮಾಡುವ ಅಗೌರವವೆಂದು ಅವರು ಭಾವಿಸಿದ್ದರು. ಮರುವರ್ಷವೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸು ಅದನ್ನು ಮತ್ತೆ ತಂದು ಕೂರಿಸಿತು.

ಒಂದು ಎಚ್ಚರಿಕೆ. ಇದನ್ನು ಓದಿ ಯಾರೂ ಕಂಚು ಎರಕ ಹೊಯ್ಯಿಸಲು ಹೋಗಬಾರದು. 2005ರ ಒಂದೇ ದಿನ ಸುಪ್ರೀಂ ಕೋರ್ಟು ಟೆಕ್ಸಸ್ ಶಾಸನಸಭೆಯ ಅಂಗಳದಲ್ಲಿದ್ದ, ಬೈಬಲಿನ ದಶಾಜ್ಞೆಗಳನ್ನು ಕೆತ್ತಿದ ಕಲ್ಲನ್ನು ಉಳಿಸಿ, ಕೆಂಟಕಿಯ ನ್ಯಾಯಾಲಯ ಕಟ್ಟಡಗಳಲ್ಲಿ ಹೊಸದಾಗಿ ತೂಗುಹಾಕಿದ್ದ ಅದೇ ದಶಾಜ್ಞೆಗಳನ್ನು ಒಪ್ಪಲಿಲ್ಲ. ಯಾರು, ಯಾವಾಗ, ಏನು ಮಾತಾಡಿಕೊಂಡು ಹಾಕಿದರು ಎಂಬುದು ಅಷ್ಟು ಮುಖ್ಯ. 2022ರಲ್ಲಿ ಫುಟ್‌ಬಾಲ್ ತರಬೇತುದಾರನೊಬ್ಬನ ಪ್ರಾರ್ಥನೆಯ ಪ್ರಕರಣದಲ್ಲಿ ಅದೇ ಕೋರ್ಟು ಸರ್ಕಾರ ಮತಕ್ಕೆ ಬೆಂಬಲ ಕೊಟ್ಟಿದೆಯೇ ಎಂದು ಅಳೆಯುತ್ತಿದ್ದ 1971ರ ಹಳೆಯ ಒರೆಗಲ್ಲನ್ನು ಬದಿಗಿಟ್ಟು, ಇತಿಹಾಸವನ್ನೂ ಪರಂಪರೆಯನ್ನೂ ನೋಡಿ ತೀರ್ಮಾನಿಸಬೇಕೆಂದಿತು. ಹಾಗಾಗಿ ಅದಕ್ಕೆ ಮೊದಲು ನಾನು ಬರೆದುಕೊಟ್ಟ ಅಭಿಪ್ರಾಯಗಳನ್ನೆಲ್ಲ ಮತ್ತೊಮ್ಮೆ ಓದಿ ನೋಡಬೇಕಾಗಿದೆ. ಆದರೂ ಸರ್ಕಾರಿ ಗೋಡೆಯ ಮೇಲೆ ಅಧ್ಯಾಯ, ವಚನಗಳ ಸಂಖ್ಯೆ ಕೆತ್ತಿಸಲು ಇಂದಿಗೂ ನಾನು ಸಹಿ ಹಾಕಲಾರೆ.

ಹಿರಿಯರಿಗೆ ಇಷ್ಟೆಲ್ಲ ಹೇಳಿ, ಎರಡನೆಯ ಸಾಲನ್ನು ತೆಗೆಯಿರಿ ಎಂದೆ.

"ಅದನ್ನು ತೆಗೆದರೆ ಇದು ದೇವರ ವಾಕ್ಯವೆಂದು ಜನರಿಗೆ ತಿಳಿಯುವುದು ಹೇಗೆ?"

"ತಿಳಿಯಬಾರದು ಎಂಬ ಷರತ್ತಿನ ಮೇಲೆಯೇ ಅದು ಅಲ್ಲಿರಬಹುದು."

ಅವರು ಬಹಳ ಹೊತ್ತು ನಕ್ಷೆಯನ್ನೇ ನೋಡುತ್ತ ಕುಳಿತರು. ಆಮೇಲೆ ನನ್ನ ಮೇಜಿನ ಮೇಲಿದ್ದ ರಬ್ಬರನ್ನು ಕೇಳಿ ಪಡೆದು, ಎರಡನೆಯದನ್ನಲ್ಲ, ಎರಡೂ ಸಾಲುಗಳನ್ನು ನಿಧಾನವಾಗಿ ಅಳಿಸಿದರು. ಠಾಣೆಯ ಬಾಗಿಲ ಮೇಲೆ ಈಗ ಅದರ ಸಂಖ್ಯೆಯೂ ಕಟ್ಟಿದ ವರ್ಷವೂ ಮಾತ್ರ ಇವೆ. ಮುಂಗಡ ಕೊಟ್ಟಿದ್ದ ಕಂಚಿನ ಅಕ್ಷರಗಳ ಪೂರ್ತಿ ಬೆಲೆಯನ್ನು ಅವರು ಸ್ವಂತ ಜೇಬಿನಿಂದ ತೆತ್ತು ತಮ್ಮ ಚರ್ಚಿನ ಊಟದ ಕೋಣೆಯ ಗೋಡೆಗೆ ಹಾಕಿಸಿದ್ದಾರೆ, ಕೆಳಗೆ "ಮತ್ತಾಯ 19:26" ಸಮೇತ.