ಕುಪವಾಡದ ನದಿ ಹೆಣ್ಣಲ್ಲ

ಪುಣೆಯ ಮರಾಠಿಯಲ್ಲಿ ನದಿ ಸ್ತ್ರೀಲಿಂಗ. ಹೊಳೆ ಬಂದರೆ ‘ನದೀ ಆಲೀ’. ಮರಾಠಿ, ಕನ್ನಡ, ಉರ್ದು ಒಟ್ಟಿಗೇ ಬಾಳುವ ಊರು ಸಾಂಗ್ಲಿ ಜಿಲ್ಲೆಯ ಕುಪವಾಡ. ಅಲ್ಲಿನ ಆಡುಮಾತಿನ ಮರಾಠಿಯಲ್ಲಿ ಅದು ‘ನದಿ ಆಲಂ’, ಅಂದರೆ ನಪುಂಸಕ, ನಮ್ಮ ‘ಹೊಳಿ ಬಂತು’ ಇದ್ದ ಹಾಗೆ. ಉರ್ದುವಿನಲ್ಲಿ ನಪುಂಸಕಲಿಂಗವೇ ಇಲ್ಲವಲ್ಲ, ಹಾಗಾಗಿ ಆ ಊರಿನ ಉರ್ದು ಪುಲ್ಲಿಂಗಕ್ಕೆ ಹೊರಳಿತು: ‘ನದಿ ಆಯಾ’.

ಇದನ್ನು ಭಾಷಾವಿಜ್ಞಾನಿಗಳಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ದಾಖಲಿಸಿದರು. ಕನ್ನಡ ಕೊಟ್ಟಿದ್ದಷ್ಟೇ ಅಲ್ಲ, ತೆಗೆದುಕೊಂಡಿದ್ದೂ ಉಂಟು. ‘ಇದು ನಿಮ್ಮ ಮನಿ’ ಎಂದರೆ ನಮಗೆ ವಾಕ್ಯ ಮುಗಿಯಿತು. ಮರಾಠಿಗೆ ‘ಆಹೇ’, ಉರ್ದುವಿಗೆ ‘ಹೈ’ ಬೇಕು. ಕುಪವಾಡದ ಕನ್ನಡವೂ ಕೊನೆಗೊಂದು ‘ಐತಿ’ ಹಚ್ಚಿಕೊಂಡಿತು. ಸೊಪ್ಪು ಕೊಯ್ದು ತಂದೆ ಅನ್ನಲು ಉರ್ದುವಿನಲ್ಲಿ ‘ಪಾಲಾ ಜರಾ ಕಾಟ್‌ ಕೆ ಲೇ ಕೆ ಆಯಾ’, ಮರಾಠಿಯಲ್ಲಿ ‘ಪಾಲಾ ಜರಾ ಕಾಪೂನ್ ಘೇಊನ್ ಆಲೋ’. ಕನ್ನಡದ ‘ಕೊಯ್ದು ತಗೊಂಡು ಬಂದೆ’ಯನ್ನು ಇವುಗಳ ಕೆಳಗೆ ಬರೆದು ನೋಡಿ: ತುಂಡಿಗೆ ತುಂಡು ಕೂರುತ್ತದೆ.

ಮೂರೂ ಭಾಷೆಗಳ ವಾಕ್ಯದ ಅಚ್ಚು ಮೊದಲೇ ಒಂದಾಗಿತ್ತು ಅನ್ನುವುದು ಇಲ್ಲಿ ಮುಖ್ಯ. ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 1963ರಲ್ಲಿ 30 ಭಾಷೆಗಳನ್ನು ಹೋಲಿಸಿ 45 ಸಾರ್ವತ್ರಿಕ ನಿಯಮಗಳನ್ನು ಮುಂದಿಟ್ಟರು. ಆ ಮೂವತ್ತರಲ್ಲಿ ಕನ್ನಡವೂ ಒಂದು. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ‘ಒಳಗೆ’, ‘ಮೇಲೆ’ಯಂಥವು ಸಾಮಾನ್ಯವಾಗಿ ನಾಮಪದದ ಹಿಂದೆಯೇ ಬರುತ್ತವೆ ಅನ್ನುವುದು ಅವುಗಳಲ್ಲೊಂದು. ಮನೆಯ ಒಳಗೆ, ಘರಾಚ್ಯಾ ಆತ, ಘರ್ ಕೆ ಅಂದರ್. ಇಂಗ್ಲಿಷ್ ಕುಪವಾಡದ ಈ ಕೂಟದಲ್ಲಿದ್ದಿದ್ದರೆ ಲೆಕ್ಕ ಇಷ್ಟು ಸಲೀಸಾಗಿ ಕೂಡುತ್ತಿರಲಿಲ್ಲ.

ಇನ್ನು ಮಿದುಳು. ಎರಡು ಭಾಷೆ ಬಲ್ಲವರು ಒಂದನ್ನು ಆಡುವಾಗ ಇನ್ನೊಂದು ಪೂರ್ತಿ ಮಲಗಿರುವುದಿಲ್ಲ. ಒಂದು ಭಾಷೆಯಲ್ಲಿ ಈಗಷ್ಟೇ ಕೇಳಿದ ವಾಕ್ಯದ ಕಟ್ಟು ಇನ್ನೊಂದರಲ್ಲಿ ಆಡುವಾಗಲೂ ನುಸುಳುತ್ತದೆ. ಸ್ಪ್ಯಾನಿಷ್-ಇಂಗ್ಲಿಷ್ ಮಾತಾಡುವವರಲ್ಲಿ ಇದು 2004ರಲ್ಲಿ ಕಂಡುಬಂತು. ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಅಂತ ದಿನಾ ಹೊರಳುವ ನಾಲಿಗೆಗೆ ಒಂದೇ ಕಟ್ಟು ಹಗುರ. ಪದಗಳು ಮಾತ್ರ ಬೇರೆಯಾಗಿಯೇ ಉಳಿದವು, ಯಾರು ಯಾವ ಮನೆಯವರು ಎಂದು ಗೊತ್ತಾಗುವುದೇ ಅವುಗಳಿಂದ. ಲಿಂಗ ತಪ್ಪಿದ ಕ್ರಿಯಾಪದ ಕಿವಿಗೆ ಬಿದ್ದರೆ ಸುಮಾರು 600 ಮಿಲಿಸೆಕೆಂಡಿನ ಹೊತ್ತಿಗೆ ಮಿದುಳಿನ ವಿದ್ಯುತ್ ಅಲೆ ಏರುವುದನ್ನು ಹಲವು ಭಾಷೆಗಳಲ್ಲಿ ಅಳೆದಿದ್ದಾರೆ. ‘ನದಿ ಆಲಂ’ ಕೇಳಿದ ಪುಣೆಯವರ ಮಿದುಳಲ್ಲೂ ಅದು ಏಳಬೇಕು. ಕುಪವಾಡದವರಿಗೆ ಅದು ತಪ್ಪೇ ಅಲ್ಲ.

ಜತ್ತ, ಅಕ್ಕಲಕೋಟೆಯ ಕಡೆ ಇದನ್ನು ಗಮನಿಸುವ ಮನಸ್ಸಿದ್ದರೆ ‘ನೀವು ಹೆಂಗ ಅಂತೀರಿ?’ ಎಂದು ಕೇಳಬೇಡಿ. ಕೇಳಿದೊಡನೆ ಜನ ಪುಸ್ತಕದ ಮಾತು ಒಪ್ಪಿಸುತ್ತಾರೆ. ಸಂತೆಯಲ್ಲಿ ಸುಮ್ಮನೆ ನಿಂತು, ‘ಐತಿ’ ಬೇಡದ ಕಡೆ ಎಷ್ಟು ಸಲ ಬಂತು ಎಣಿಸಿ.