ಎಡಕ್ಕೆ ತಿರುಗುವ 200 ಸುತ್ತು

ಅಡುಗೆಮನೆಯಿಂದ ಒಂದು ಸ್ಟೀಲ್ ಲೋಟ ತನ್ನಿ. ಬಾಯಿ ಅಗಲ, ತಳ ಕಿರಿದು ಇರುವಂಥದ್ದು. ಅದನ್ನು ನೆಲದ ಮೇಲೆ ಅಡ್ಡ ಮಲಗಿಸಿ ಸುಮ್ನೆ ಒಮ್ಮೆ ತಳ್ಳಿ. ನೇರ ಹೋಗುವುದಿಲ್ಲ. ತಳದ ಕಡೆಗೆ ಬಾಗುತ್ತಾ ಗುಂಡಗೆ ಸುತ್ತುತ್ತದೆ. ಬಾಯಿಯ ಅಂಚು ದೊಡ್ಡದು, ಒಂದು ಸಲ ಉರುಳಿದರೆ ಜಾಸ್ತಿ ದೂರ ಹೋಗುತ್ತದೆ. ತಳದ ಅಂಚು ಚಿಕ್ಕದು, ಅದು ಹೋಗುವ ದೂರ ಕಡಿಮೆ. ಎರಡೂ ಒಂದೇ ಲೋಟದ್ದಾದ್ದರಿಂದ ಲೋಟ ತಿರುಗಲೇಬೇಕು.

ಅಮೆರಿಕದ ಸ್ಟಾಕ್ ಕಾರ್ ರೇಸಿನ ಮೆಕ್ಯಾನಿಕ್‌ಗಳು ಇದೇ ಲೋಟದ ಲೆಕ್ಕವನ್ನು ದಶಕಗಳ ಕಾಲ ಕಾರಿಗೆ ಹಾಕುತ್ತಾ ಬಂದರು. ಬಲಗಡೆಯ ಟಯರಿನ ಸುತ್ತಳತೆ ಎಡಗಡೆಯದಕ್ಕಿಂತ ಸ್ವಲ್ಪ ಜಾಸ್ತಿ. ಅವರು ಇದನ್ನು ಸ್ಟ್ಯಾಗರ್ ಅನ್ನುತ್ತಾರೆ. ಅಂಥ ಕಾರು ತಾನಾಗಿಯೇ ಎಡಕ್ಕೆ ವಾಲುತ್ತದೆ. ಅದಕ್ಕೆ ಬೇಕಾದದ್ದೂ ಅದೇ. ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಓಡುವ ಕಾರಿಗೆ ಬರುವ ತಿರುವೆಲ್ಲ ಎಡಕ್ಕೇ.

ಬರೀ ಎಡಕ್ಕೆ ತಿರುಗಿಸುವುದರಲ್ಲಿ ಏನಿದೆ ಅಂತ ಕೇಳುವವರು ಬಹಳ. ಟಿವಿಯಲ್ಲಿ ಮೊದಲ ಸಲ ನೋಡಿದಾಗ ನನಗೂ ಹಾಗೇ ಅನಿಸಿತ್ತು. ನಲವತ್ತು ಕಾರುಗಳು ಗಂಟೆಗಟ್ಟಲೆ ಒಂದೇ ದಾರಿಯಲ್ಲಿ ಸುತ್ತುತ್ತವೆ. ಆದರೆ ಅಲ್ಲಿ ನಡೆಯುವ ದೊಡ್ಡ ಆಟ ಟಿವಿಗೆ ಕಾಣುವುದಿಲ್ಲ. ಅದು ಗಾಳಿಯ ಆಟ. ಅದು ಅರ್ಥವಾದ ಮೇಲೆ ಈ ಓಟವನ್ನು ನಾನು ಬೇರೆಯೇ ಕಣ್ಣಿನಿಂದ ನೋಡತೊಡಗಿದೆ.

ಸ್ಟಾಕ್ ಕಾರ್ ಅಂದರೆ ಶೋರೂಮಿನ ಸ್ಟಾಕಿನಲ್ಲಿರುವ ಮಾಮೂಲಿ ಕಾರು. ಈಗಿನ ರೇಸ್ ಕಾರುಗಳಿಗೆ ಹೊರಗಿನ ರೂಪ ಬಿಟ್ಟರೆ ಶೋರೂಮಿನ ನಂಟು ಉಳಿದಿಲ್ಲ. ಹೆಡ್‌ಲೈಟ್ ಕೂಡ ಅಂಟಿಸಿದ ಸ್ಟಿಕ್ಕರು. ಬಾಗಿಲು ತೆರೆಯುವುದಿಲ್ಲ, ಚಾಲಕ ಕಿಟಕಿಯಿಂದ ಒಳಗೆ ಇಳಿಯುತ್ತಾನೆ. ಆದರೆ ಬೇರು ಅಲ್ಲೇ ಇದೆ. ಅಮೆರಿಕದ ದಕ್ಷಿಣದ ಗುಡ್ಡಗಾಡಿನಲ್ಲಿ ಕಳ್ಳಭಟ್ಟಿ ಸಾಗಿಸುವ ಹುಡುಗರು ಪೊಲೀಸರಿಗೆ ಸಿಗದಂತೆ ಓಡಿಸಲು ಸಾಮಾನ್ಯ ಕಾರುಗಳ ಎಂಜಿನ್ ತಿದ್ದುತ್ತಿದ್ದರು. ಬಿಡುವಿನ ದಿನ ಅದೇ ಕಾರುಗಳಲ್ಲಿ ಪಂದ್ಯ ಕಟ್ಟುತ್ತಿದ್ದರು. 1948ರಲ್ಲಿ ಬಿಲ್ ಫ್ರಾನ್ಸ್ ಎಂಬಾತ ಇಂಥ ಚದುರಿದ ಓಟಗಳನ್ನು ಒಂದು ಸಂಸ್ಥೆಯ ಅಡಿ ತಂದ. ಅದೇ ನಾಸ್ಕಾರ್. ಫ್ಲೋರಿಡಾದ ಡೇಟೋನಾ ಬೀಚ್ ಊರಿನಲ್ಲಿ ಆಗ ಓಟ ನಡೆಯುತ್ತಿದ್ದದ್ದು ಅರ್ಧ ಡಾಂಬರು ರಸ್ತೆಯ ಮೇಲೆ, ಅರ್ಧ ಸಮುದ್ರದಂಡೆಯ ಮರಳಿನ ಮೇಲೆ. ಅಲೆ ಏರುವ ಹೊತ್ತಿಗೆ ಓಟ ಮುಗಿಯಬೇಕು.

1959ರಲ್ಲಿ ಅದೇ ಊರಿನಲ್ಲಿ ಫ್ರಾನ್ಸ್ ಕಟ್ಟಿಸಿದ ಸ್ಪೀಡ್‌ವೇ ತೆರೆಯಿತು. ಒಂದು ಸುತ್ತು ಸುಮಾರು 4 ಕಿಲೋಮೀಟರ್. ತಿರುವುಗಳು 31 ಡಿಗ್ರಿ ಓರೆ. ನಮ್ಮ ಹೆದ್ದಾರಿಯ ತಿರುವುಗಳಲ್ಲೂ ರಸ್ತೆಯ ಹೊರ ಅಂಚನ್ನು ಎತ್ತರಿಸಿರುತ್ತಾರೆ, ಆದರೆ ಬಯಲುಸೀಮೆಯಲ್ಲಿ ಅದು ಹೆಚ್ಚೆಂದರೆ 4 ಡಿಗ್ರಿ. 31 ಡಿಗ್ರಿ ಅಂದರೆ ಹತ್ತಲು ಕೈಯನ್ನೂ ಊರಬೇಕಾಗುವಷ್ಟು ಕಡಿದು. ಇಷ್ಟು ಎತ್ತರದ ದಿಬ್ಬಕ್ಕೆ ಮಣ್ಣು ಎಲ್ಲಿಂದ ಬಂತು? ನಮ್ಮ ಹಳ್ಳಿಗಳಲ್ಲಿ ಕೆರೆ ತೋಡಿದ ಮಣ್ಣನ್ನೇ ಏರಿಗೆ ಹಾಕಿದ ಹಾಗೆ, ಅಲ್ಲೂ ಟ್ರ್ಯಾಕಿನ ನಡುವೆ ನೆಲ ಅಗೆದು ಅದೇ ಮಣ್ಣಿನಿಂದ ತಿರುವು ಏರಿಸಿದರು. ಅಗೆದ ಗುಂಡಿಯಲ್ಲಿ ನೀರು ನಿಂತು ಕೆರೆಯಾಯಿತು. ಲೇಕ್ ಲಾಯ್ಡ್ ಎಂಬ ಆ ಕೆರೆ ಇವತ್ತಿಗೂ ಅಲ್ಲಿದೆ. ಡಾಂಬರು ಹಾಕುವ ಯಂತ್ರಗಳು ಓರೆಯಲ್ಲಿ ಜಾರಿ ಉರುಳದಂತೆ ಮೇಲೆ ಬುಲ್ಡೋಜರ್ ನಿಲ್ಲಿಸಿ ಅವಕ್ಕೆ ಕಟ್ಟಿ ಹಿಡಿದಿದ್ದರು.

ಈ ಓರೆ ಏಕೆ ಬೇಕು? ಒಂದು ಸಣ್ಣ ಲೆಕ್ಕ ಮಾಡೋಣ. ಡೇಟೋನಾದ ತಿರುವಿನ ತ್ರಿಜ್ಯ ಸುಮಾರು 305 ಮೀಟರ್. ಕಾರು ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿದೆ ಅಂದುಕೊಳ್ಳಿ. ಅದನ್ನು ನೇರ ಹೋಗಲು ಬಿಡದೆ ಒಳಕ್ಕೆ ಎಳೆದು ತಿರುಗಿಸಲು ಅದರ ತೂಕದ 2.3 ಪಟ್ಟು ಬಲ ಬೇಕು. ನೆಲ ಮಟ್ಟವಾಗಿದ್ದರೆ ಈ ಬಲವಿಡೀ ಟಯರು ಮತ್ತು ರಸ್ತೆಯ ಘರ್ಷಣೆಯಿಂದಲೇ ಬರಬೇಕು. ಟಯರಿಗೆ ಅಷ್ಟು ಹಿಡಿತ ಇರುವುದಿಲ್ಲ. ಕಾರು ಜಾರಿ ಹೊರಗಿನ ಗೋಡೆಗೆ ಹೋಗಿ ಬಡಿಯುತ್ತದೆ.

ಓರೆಯಾದ ನೆಲದ ಮೇಲೆ ಲೆಕ್ಕ ಬದಲಾಗುತ್ತದೆ. ಕಾರನ್ನು ಒಳಕ್ಕೆ ತಳ್ಳುವ ಕೆಲಸದಲ್ಲಿ ರಸ್ತೆಯೇ ಪಾಲು ತಗೊಳ್ಳುತ್ತದೆ. ಕಾರು ತನ್ನ ತೂಕದ ಎರಡು ಪಟ್ಟಿನಷ್ಟು ರಸ್ತೆಗೆ ಒತ್ತಿಕೊಳ್ಳುತ್ತದೆ. ಒತ್ತಿದಷ್ಟೂ ಟಯರಿನ ಹಿಡಿತ ಜಾಸ್ತಿ. ಹೀಗಾಗಿ ಒತ್ತುವ ಬಲದ ಮುಕ್ಕಾಲು ಪಾಲಿನಷ್ಟು ಘರ್ಷಣೆ ಇದ್ದರೂ ಸಾಕು, ಕಾರು ದಾರಿ ಬಿಡುವುದಿಲ್ಲ. ಗಂಟೆಗೆ 150 ಕಿಲೋಮೀಟರ್ ಆಸುಪಾಸಿನಲ್ಲಿ ಹೋದರಂತೂ ಘರ್ಷಣೆಯ ಹಂಗೇ ಇಲ್ಲ, ಓರೆಯೇ ಕಾರನ್ನು ತಿರುಗಿಸುತ್ತದೆ.

ಜಾತ್ರೆಯಲ್ಲಿ ಮರಣಬಾವಿ ನೋಡಿದ್ದೀರಲ್ವಾ? ಹಲಗೆಯ ಬಾವಿಯ ನೆಟ್ಟನೆಯ ಗೋಡೆಯ ಮೇಲೆ ಬೈಕು ಸುತ್ತುತ್ತದೆ. ವೇಗವೇ ಚಕ್ರವನ್ನು ಗೋಡೆಗೆ ಒತ್ತುತ್ತದೆ, ಘರ್ಷಣೆ ಅದನ್ನು ಕೆಳಗೆ ಜಾರದಂತೆ ಹಿಡಿಯುತ್ತದೆ. ನಮ್ಮ ಮಟ್ಟಸ ರಸ್ತೆಗೂ ಆ ಬಾವಿಯ ಗೋಡೆಗೂ ನಡುವೆ ಎಲ್ಲೋ ಡೇಟೋನಾ ಇದೆ. ಚಾಲಕನ ಪಾಡೂ ಹಾಗೇ. ತಿರುವಿನಲ್ಲಿ ಅವನ ತಲೆ, ಹೆಲ್ಮೆಟ್ಟು, ಕೈ ಎಲ್ಲ ಎರಡು ಪಟ್ಟು ಭಾರ. 48 ಸೆಕೆಂಡಿಗೆ ಒಂದು ಸುತ್ತು. ಕಾರಿನೊಳಗಿನ ಬಿಸಿ 50 ಡಿಗ್ರಿ ದಾಟುವುದುಂಟು. ಹೀಗೆ ಮೂರು ಗಂಟೆಗೂ ಮಿಕ್ಕಿ.

ಈಗ ಗಾಳಿಗೆ ಬರೋಣ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಮೀರಲು ಎಂಜಿನ್ ಎಂಟು ಪಟ್ಟು ಶಕ್ತಿ ಕೊಡಬೇಕು. 300 ಕಿಲೋಮೀಟರ್ ವೇಗದಲ್ಲಿ ಗಾಳಿ ಗಾಳಿಯ ಹಾಗಿರುವುದಿಲ್ಲ, ನೀರಿನ ಹಾಗೆ ದಪ್ಪ.

ಇದನ್ನು ಮೊದಲು ಲಾಭಕ್ಕೆ ತಿರುಗಿಸಿಕೊಂಡವನು ಜೂನಿಯರ್ ಜಾನ್ಸನ್. ನಾರ್ತ್ ಕೆರೊಲಿನಾದ ಗುಡ್ಡಗಾಡಿನವನು. ಅವನ ಮನೆತನದ ಕಸುಬೇ ಕಳ್ಳಭಟ್ಟಿ. ಅಪ್ಪನ ಭಟ್ಟಿಯ ಹತ್ತಿರ ಸಿಕ್ಕಿಬಿದ್ದು ಜೈಲೂ ಕಂಡಿದ್ದ. ಡೇಟೋನಾ 500 ಅಂದರೆ ಆ ಟ್ರ್ಯಾಕಿನಲ್ಲಿ 200 ಸುತ್ತು, 500 ಮೈಲಿಯ ಓಟ. 1960ರಲ್ಲಿ ಅದಕ್ಕೆ ಅವನು ತಂದ ಷೆವರ್ಲೆ ನಿಧಾನದ ಕಾರು. ಎದುರಾಳಿಗಳ ಪಾಂಟಿಯಾಕ್‌ಗಳು ಅದಕ್ಕಿಂತ ಎಷ್ಟೋ ಮುಂದು. ಅಭ್ಯಾಸದ ಹೊತ್ತಿನಲ್ಲಿ ಒಂದು ಪಾಂಟಿಯಾಕಿನ ಬೆನ್ನಿಗೇ ಅಂಟಿಕೊಂಡು ಹೋದಾಗ ಅವನಿಗೆ ಆಶ್ಚರ್ಯ ಕಾದಿತ್ತು. ತನ್ನ ಕಾರು ಹಿಂದೆ ಬೀಳಲೇ ಇಲ್ಲ! ಮುಂದಿನ ಕಾರು ಗಾಳಿಯನ್ನು ಸೀಳಿ ಹೋಗುತ್ತದೆ, ಹಿಂದಿನದಕ್ಕೆ ಆ ಸೀಳಿದ ದಾರಿ ಸಲೀಸು. ಓಟದ ದಿನವೂ ಹಾಗೇ ಒಬ್ಬರ ಬೆನ್ನಿನಿಂದ ಇನ್ನೊಬ್ಬರ ಬೆನ್ನಿಗೆ ಹೋಗುತ್ತಾ ಕೊನೆಗೆ ಗೆದ್ದೇಬಿಟ್ಟ. ಏರೋಡೈನಮಿಕ್ಸನ್ನು ಯಾವ ಕಾಲೇಜಿನಲ್ಲೂ ಓದದ ಮನುಷ್ಯ ಅದನ್ನು ಸ್ಟಿಯರಿಂಗಿನ ಮೂಲಕ ಕಂಡುಕೊಂಡಿದ್ದ. ಈ ಕಥೆ ನನಗೆ ಬಹಳ ಇಷ್ಟ.

ಇದಕ್ಕೆ ಡ್ರಾಫ್ಟಿಂಗ್ ಅನ್ನುತ್ತಾರೆ. ಹಿಂದಿನವನಿಗೆ ಲಾಭ ಅನ್ನುವುದು ಸುಲಭವಾಗಿ ಹೊಳೆಯುತ್ತದೆ. ಆದರೆ ಮುಂದಿನವನಿಗೂ ಲಾಭವಿದೆ. ಓಡುವ ಕಾರಿನ ಬೆನ್ನಹಿಂದೆ ಗಾಳಿಯ ಒತ್ತಡ ಕಡಿಮೆ ಇರುವ ಒಂದು ಪೊಳ್ಳು ಉಂಟಾಗುತ್ತದೆ. ಅದು ಕಾರನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತದೆ. ಇನ್ನೊಂದು ಕಾರು ಬಂದು ಆ ಪೊಳ್ಳಿನಲ್ಲಿ ಮೂಗು ತೂರಿಸಿದರೆ ಎಳೆತ ಸಡಿಲವಾಗುತ್ತದೆ. ಹಾಗಾಗಿ ಒಂದರ ಹಿಂದೆ ಒಂದು ಹೋಗುವ ಎರಡು ಕಾರುಗಳು ಒಂಟಿ ಕಾರಿಗಿಂತ ವೇಗವಾಗಿ ಓಡುತ್ತವೆ.

ಇದರ ಪರಿಣಾಮ ನೋಡಿ. ನಿನ್ನನ್ನು ಸೋಲಿಸಲು ಬಂದವನೇ ನಿನ್ನನ್ನು ಮುಂದೆ ತಳ್ಳುವವನು. ಸಾಲು ಬಿಟ್ಟು ಮುಂದೆ ಹೋಗಬೇಕೆಂದು ಒಬ್ಬನೇ ಪಕ್ಕಕ್ಕೆ ಸರಿದರೆ ಗಾಳಿಯ ಗೋಡೆ ಎದುರಾಗುತ್ತದೆ. ನೋಡನೋಡುತ್ತಿದ್ದಂತೆ ಸಾಲಿನ ಬಾಲಕ್ಕೆ ಬೀಳುತ್ತಾನೆ. ಅವನ ಜೊತೆ ಹಿಂದಿನವನೂ ಸರಿದರೆ ಇಬ್ಬರೂ ಮುಂದೆ ಹೋಗುತ್ತಾರೆ. ಸರಿಯುತ್ತಾನೋ ಇಲ್ಲವೋ? ಅದು ಗೊತ್ತಾಗುವುದು ಸರಿದ ಮೇಲೇ. ಕೊನೆಯ ಹತ್ತು ಸುತ್ತು ಬಂತೆಂದರೆ ನಾನು ಮುಂದಿನ ಕಾರನ್ನು ನೋಡುವುದಿಲ್ಲ. ಅದರ ಹಿಂದಿನ ಎರಡು, ಮೂರನೆಯ ಕಾರುಗಳನ್ನು ನೋಡುತ್ತೇನೆ. ಗೆಲುವನ್ನು ತೀರ್ಮಾನಿಸುವವರು ಅವರು.

2011ರಲ್ಲಿ ಇದು ತುದಿ ಮುಟ್ಟಿತು. ಆ ವರ್ಷದ ಡೇಟೋನಾ 500ರಲ್ಲಿ ಕಾರುಗಳು ಜೋಡಿಯಾಗಿ, ಒಂದರ ಬಂಪರಿಗೆ ಇನ್ನೊಂದು ತಾಗಿಸಿಕೊಂಡು ಸುತ್ತಿದವು. ಹಿಂದಿನ ಕಾರಿನ ರೇಡಿಯೇಟರಿಗೆ ಗಾಳಿ ಸಿಗದೆ ಎಂಜಿನ್ ಕಾಯುತ್ತಿತ್ತು. ಆಗಾಗ ಇಬ್ಬರೂ ಜಾಗ ಬದಲಿಸಿಕೊಳ್ಳಬೇಕು. ಆ ಓಟ ಗೆದ್ದವನು ಟ್ರೆವರ್ ಬೇನ್, ಹಿಂದಿನ ದಿನವಷ್ಟೇ 20 ತುಂಬಿದ್ದ ಹುಡುಗ.

ಆದರೆ ಮುಂದೆ ತಳ್ಳುವ ಗಾಳಿಯೇ ಮೇಲಕ್ಕೂ ಎತ್ತುತ್ತದೆ. ಅಲಬಾಮದ ಟ್ಯಾಲಡೇಗಾ ಟ್ರ್ಯಾಕು ಡೇಟೋನಾಕ್ಕಿಂತ ಉದ್ದ, ಓರೆ 33 ಡಿಗ್ರಿ. 1987ರಲ್ಲಿ ಬಿಲ್ ಎಲಿಯಟ್ ಅಲ್ಲಿನ ಅರ್ಹತಾ ಸುತ್ತಿನಲ್ಲಿ ಗಂಟೆಗೆ 342 ಕಿಲೋಮೀಟರ್ ಮುಟ್ಟಿದ. ಆ ದಾಖಲೆ ಇನ್ನೂ ಮುರಿದಿಲ್ಲ. ಅದೇ ವಾರದ ಓಟದಲ್ಲಿ ಬಾಬಿ ಆಲಿಸನ್‌ನ ಕಾರು ತಿರುಗಿ ಹಿಂದುಮುಂದಾಯಿತು. ಕಾರಿನ ಮೂಗು, ಹಿಂದಿನ ಸ್ಪಾಯ್ಲರ್ ಎಲ್ಲ ಮುಂದಿನಿಂದ ಬರುವ ಗಾಳಿಗೆ ಅಂತ ಮಾಡಿದವು. ಗಾಳಿ ಹಿಂದಿನಿಂದ ನುಗ್ಗಿದರೆ ಅವು ಕಾರನ್ನು ಕೆಳಗೆ ಒತ್ತುವುದಿಲ್ಲ. ಉಬ್ಬಿದ ಛಾವಣಿ ವಿಮಾನದ ರೆಕ್ಕೆಯ ಕೆಲಸ ಮಾಡಿಬಿಡುತ್ತದೆ. ಕಾರು ಎದ್ದು ಪ್ರೇಕ್ಷಕರ ಮುಂದಿನ ಬೇಲಿಗೆ ಅಪ್ಪಳಿಸಿತು. ಬೇಲಿ ಹರಿಯಿತು. ಹಲವರಿಗೆ ಗಾಯವಾಯಿತು. ಕಾರು ಬೇಲಿ ದಾಟಿ ಜನರ ಮೇಲೆ ಬೀಳಲಿಲ್ಲ, ಆಲಿಸನ್ ಕೂಡ ಬದುಕಿದ. ಆ ಓಟದಲ್ಲಿ ಅವನ ಮುಂದೆಯೇ ಹೋಗುತ್ತಿದ್ದವನು ಅವನ ಮಗ ಡೇವಿ. ಅಪ್ಪನ ಕಾರು ಹಾರಿದ್ದನ್ನು ಕನ್ನಡಿಯಲ್ಲಿ ಕಂಡ. ಅವತ್ತು ಗೆದ್ದವನೂ ಅವನೇ.

1988ರಿಂದ ಈ ಎರಡು ಟ್ರ್ಯಾಕುಗಳಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನೇ ತಡೆದರು. ಕಾರ್ಬ್ಯುರೇಟರ್ ಕೆಳಗೆ ನಾಲ್ಕು ಸಣ್ಣ ತೂತುಗಳ ಒಂದು ಲೋಹದ ಹಲಗೆ. ಗಾಳಿ ಕಡಿಮೆ ಹೋದರೆ ಇಂಧನ ಕಡಿಮೆ ಉರಿಯುತ್ತದೆ, ಶಕ್ತಿ ಇಳಿಯುತ್ತದೆ. 1994ರಿಂದ ಛಾವಣಿಯ ಮೇಲೆ ಮಡಚುವ ರೆಕ್ಕೆಗಳು ಬಂದವು. ಕಾರು ಹಿಂದುಮುಂದಾದರೆ ಅವು ತಾವಾಗಿ ತೆರೆದುಕೊಂಡು ಗಾಳಿಯ ಹರಿವನ್ನು ಕೆಡಿಸಿ ಎತ್ತುವ ಬಲವನ್ನು ಕೊಲ್ಲುತ್ತವೆ. ಹಲಗೆಯ ಪರಿಹಾರ ಮಾತ್ರ ಇನ್ನೊಂದು ಕಷ್ಟ ತಂದಿತು. ಎಲ್ಲರ ಶಕ್ತಿಯೂ ಒಂದೇ ಆದಾಗ ಯಾರೂ ಯಾರಿಂದಲೂ ದೂರ ಹೋಗಲಾರರು. ಮೂವತ್ತು ಕಾರುಗಳು ಒಂದೇ ಹಿಂಡಾಗಿ, ಗೇಣಿನ ಅಂತರದಲ್ಲಿ ಸುತ್ತುತ್ತವೆ. ಒಂದು ಜಾರಿದರೆ ಇಪ್ಪತ್ತು ಜಾರುತ್ತವೆ. ಇಂಥ ಸರಣಿ ಅಪಘಾತಕ್ಕೆ ಅಲ್ಲಿ ಹೆಸರೇ ಇದೆ, ಬಿಗ್ ಒನ್.

2000ದ ಮೇ ತಿಂಗಳಲ್ಲಿ 19 ವರ್ಷದ ಆ್ಯಡಮ್ ಪೆಟ್ಟಿ ನ್ಯೂ ಹ್ಯಾಂಪ್‌ಷೈರಿನ ಟ್ರ್ಯಾಕಿನಲ್ಲಿ ಅಭ್ಯಾಸ ಮಾಡುವಾಗ ಗೋಡೆಗೆ ಬಡಿದು ಸತ್ತ. 1959ರ ಮೊಟ್ಟಮೊದಲ ಡೇಟೋನಾ 500 ಗೆದ್ದ ಲೀ ಪೆಟ್ಟಿಯ ಮರಿಮಗ ಅವನು. ಎರಡು ತಿಂಗಳಲ್ಲಿ ಅದೇ ಟ್ರ್ಯಾಕಿನಲ್ಲಿ ಕೆನ್ನಿ ಅರ್ವಿನ್ ಸತ್ತ. 2001ರ ಫೆಬ್ರವರಿ 18ರಂದು ಡೇಟೋನಾ 500ರ ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಡೇಲ್ ಅರ್ನ್‌ಹಾರ್ಟ್ ಗೋಡೆಗೆ ಬಡಿದ. ಏಳು ಸಲದ ಚಾಂಪಿಯನ್. ಮುಂದೆ ಇದ್ದ ಎರಡು ಕಾರುಗಳೂ ಅವನೇ ಮಾಲೀಕನಾಗಿದ್ದ ತಂಡದವು, ಒಂದರಲ್ಲಿ ಅವನ ಮಗ. ಆ ಅಪಘಾತ ಕಣ್ಣಿಗೆ ಭೀಕರವಾಗಿ ಕಾಣಲಿಲ್ಲ. ಆದರೆ ಅವನು ಉಳಿಯಲಿಲ್ಲ.

ಈ ಮೂವರಿಗೂ ಆದದ್ದು ಒಂದೇ ಗಾಯ. ಬುರುಡೆಯ ತಳ ಬಿರಿದಿತ್ತು. ಬೆಲ್ಟು ಎದೆಯನ್ನು ಹಿಡಿದು ನಿಲ್ಲಿಸುತ್ತದೆ. ತಲೆಯನ್ನು ಹಿಡಿಯುವವರಿಲ್ಲ. ಅದು ಹೆಲ್ಮೆಟ್ಟಿನ ಭಾರದ ಜೊತೆ ಮುಂದೆ ಹೋಗುತ್ತಲೇ ಇರುತ್ತದೆ. ಇದಕ್ಕೆ ಮದ್ದು ಆಗಲೇ ಇತ್ತು ಅನ್ನುವುದೇ ಸಂಕಟದ ಮಾತು. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಪ್ರೊಫೆಸರ್ ರಾಬರ್ಟ್ ಹಬ್ಬರ್ಡ್ ಮತ್ತು ರೇಸ್ ಚಾಲಕನಾಗಿದ್ದ ಅವನ ಭಾವ ಜಿಮ್ ಡೌನಿಂಗ್ ಸೇರಿ ವರ್ಷಗಳ ಹಿಂದೆಯೇ ಒಂದು ಸಾಧನ ಮಾಡಿದ್ದರು. ಎತ್ತಿನ ಹೆಗಲಿಗೆ ನೊಗ ಇಟ್ಟ ಹಾಗೆ ಚಾಲಕನ ಹೆಗಲಿಗೆ ಕೂರುವ ಗಟ್ಟಿ ಪಟ್ಟಿ ಅದು. ಅದರಿಂದ ಹೆಲ್ಮೆಟ್ಟಿಗೆ ಎರಡು ದಾರ. ಗುದ್ದಿದಾಗ ತಲೆ, ಎದೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ಹ್ಯಾನ್ಸ್ ಎಂದು ಅದರ ಹೆಸರು. ಕತ್ತು ತಿರುಗಿಸಲು ಅಡ್ಡಿ ಅಂತ ಬಹಳ ಚಾಲಕರು ಬೇಡವೆಂದಿದ್ದರು. 2001ರ ಅಕ್ಟೋಬರಿನಿಂದ ತಲೆಗೆ ಇಂಥ ರಕ್ಷಣೆ ಕಡ್ಡಾಯವಾಯಿತು.

ಗೋಡೆಯೂ ಬದಲಾಯಿತು. ನೆಬ್ರಾಸ್ಕಾ ಯೂನಿವರ್ಸಿಟಿಯ ಡೀನ್ ಸಿಕಿಂಗ್ ಮತ್ತು ಅವರ ತಂಡ ಕಾಂಕ್ರೀಟಿನ ಮುಂದೆ ಉಕ್ಕಿನ ಕೊಳವೆಗಳ ಸಾಲು, ನಡುವೆ ಫೋಮಿನ ದಿಂಡುಗಳನ್ನು ಇಟ್ಟು ಹೊಸ ಗೋಡೆ ಮಾಡಿದರು. ಬರೀ ನೆಲಕ್ಕೆ ಬೀಳುವುದಕ್ಕೂ ಹುಲ್ಲಿನ ಬಣವೆಯ ಮೇಲೆ ಬೀಳುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲೂ ಇರುವುದು. ನಿಲ್ಲಲು ಎರಡು ಪಟ್ಟು ದೂರ ಸಿಕ್ಕರೆ ಮೈಮೇಲಿನ ಬಲ ಅರ್ಧಕ್ಕೆ ಇಳಿಯುತ್ತದೆ. 2002ರಲ್ಲಿ ಇಂಡಿಯಾನಾಪೊಲಿಸ್ ಸ್ಪೀಡ್‌ವೇಯಲ್ಲಿ ಮೊದಲು ಹಾಕಿದರು, ಆಮೇಲೆ ಉಳಿದ ಟ್ರ್ಯಾಕುಗಳಿಗೂ ಬಂತು. ಅರ್ನ್‌ಹಾರ್ಟ್ ಸತ್ತ ಮೇಲೆ ನಾಸ್ಕಾರ್‌ನ ಅತಿ ಮೇಲಿನ ದರ್ಜೆಯಾದ ಕಪ್ ಓಟದಲ್ಲಿ ಯಾವ ಚಾಲಕನೂ ಸತ್ತಿಲ್ಲ.

2020ರ ಡೇಟೋನಾ 500 ಮಳೆಯಿಂದ ಭಾನುವಾರ ನಿಂತು ಸೋಮವಾರಕ್ಕೆ ಹೋಯಿತು. ಗೀರಿಲ್ಲದ ನುಣ್ಣನೆಯ ಟಯರುಗಳಿಗೆ ಒದ್ದೆ ಓರೆಯ ಮೇಲೆ ಹಿಡಿತವಿಲ್ಲ, ಅಲ್ಲಿ ಮಳೆ ಬಂದರೆ ಕಾಯಲೇಬೇಕು. ಕೊನೆಯ ಸುತ್ತಿನಲ್ಲಿ ಮುಂದಿದ್ದವನು ರಯಾನ್ ನ್ಯೂಮನ್. ಗೆರೆ ಕಣ್ಣಿಗೆ ಕಾಣುತ್ತಿತ್ತು. ಹಿಂದಿನ ಕಾರು ತಗುಲಿ ಅವನ ಕಾರು ತಿರುಗಿತು, ಗೋಡೆಗೆ ಬಡಿದು ಎದ್ದಿತು, ಮಗುಚಿತು. ಮಗುಚಿದ ಕಾರಿನ ಚಾಲಕನ ಬದಿಗೇ ಇನ್ನೊಂದು ಕಾರು ಪೂರ್ತಿ ವೇಗದಲ್ಲಿ ಬಂದು ಗುದ್ದಿತು. ಕಾರು ತಲೆಕೆಳಗಾಗಿ ಬೆಂಕಿಯ ಕಿಡಿ ಕಾರುತ್ತಾ ಜಾರಿ ನಿಂತಿತು. ಸುತ್ತ ಪರದೆ ಹಿಡಿದು ಅವನನ್ನು ಹೊರಗೆ ತೆಗೆದಾಗ ನೋಡಿದವರೆಲ್ಲ ಆಸೆ ಬಿಟ್ಟಿದ್ದರು. ನಾನೂ ಬಿಟ್ಟಿದ್ದೆ.

ನ್ಯೂಮನ್ ಎಂಜಿನಿಯರಿಂಗ್ ಓದಿದವನು. ಹಿಂದೆ ಟ್ಯಾಲಡೇಗಾದಲ್ಲಿ ಅವನ ಕಾರು ಮಗುಚಿದಾಗ ಛಾವಣಿ ಕುಸಿದಿತ್ತು. ಚಾಲಕನ ತಲೆಯ ಮೇಲಿನ ಪಂಜರ ಇನ್ನೂ ಗಟ್ಟಿಯಾಗಬೇಕು ಅಂತ ಅವನು ಆಗಿನಿಂದ ಹಟ ಹಿಡಿದಿದ್ದ. ಆಮೇಲೆ ಎಲ್ಲ ಕಾರುಗಳ ಛಾವಣಿಗೂ ಒಂದು ಹೆಚ್ಚಿನ ಉಕ್ಕಿನ ಸರಳು ಸೇರಿಸಿದರು. ಗ್ಯಾರೇಜಿನವರು ಅದಕ್ಕೆ ಅವನ ಹೆಸರನ್ನೇ ಇಟ್ಟರು, ನ್ಯೂಮನ್ ಬಾರ್. ಡೇಟೋನಾದ ಆ ಸಂಜೆ ಅವನ ತಲೆಯ ಮೇಲೆ ಇದ್ದದ್ದು ಅದೇ ಸರಳು. ಎರಡು ದಿನ ಕಳೆದ ಮೇಲೆ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಕೈ ಹಿಡಿದುಕೊಂಡು ಅವನು ಆಸ್ಪತ್ರೆಯಿಂದ ನಡೆದು ಹೊರಗೆ ಬಂದ.